ಕೊಟ್ಟಿಗೆಯಲ್ಲಿ ನಿಂತ ಬ್ಯೂಕ್ ಮತ್ತು ಒಂದು ಹಳೆಯ ಪ್ರಶ್ನೆ

ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಲ್ಲಿ ನನ್ನ ಸೋದರಮಾವನ ಮನೆಯ ಹಿತ್ತಲಿನಲ್ಲಿ ಹೆಂಚಿನ ಕೊಟ್ಟಿಗೆಯೊಂದಿದೆ. ಅದರ ಅರ್ಧ ಭಾಗದಲ್ಲಿ ಹಿಂದೆ ದನಗಳಿದ್ದವು. ಇನ್ನರ್ಧದಲ್ಲಿ 1980ರ ದಶಕದ ಕೊನೆಯಿಂದ ಒಂದು ಕಾರು ನಿಂತಿದೆ. 1948ರ ಮಾದರಿಯ ಬ್ಯೂಕ್ ಸೂಪರ್. ಅದರ ಮೇಲೆ ಗೋಣಿಚೀಲ, ಗೋಣಿಚೀಲದ ಮೇಲೆ ಆಲೂಗಡ್ಡೆ ಬಿತ್ತನೆಯ ಬುಟ್ಟಿಗಳು, ಬುಟ್ಟಿಗಳ ಮೇಲೆ ಕೋಳಿಗಳು. ಮಕ್ಕಳಾಗಿದ್ದಾಗ ನಮಗೆ ಅದು ಕಾರೆನ್ನುವುದಕ್ಕಿಂತ ಮನೆಯ ಒಂದು ಕೋಣೆಯಾಗಿತ್ತು. ಮಳೆ ಬಂದಾಗ ಒಳಗೆ ಕುಳಿತು ಕಣ್ಣಾಮುಚ್ಚಾಲೆ ಆಡುತ್ತಿದ್ದೆವು.

ಕಳೆದ ವರ್ಷ ಮಾವ ಫೋನು ಮಾಡಿದರು. ಮನೆ, ಜಮೀನು ಪಾಲಾಗುತ್ತಿದೆ, ಕೊಟ್ಟಿಗೆ ಇರುವ ಜಾಗ ಚಿಕ್ಕ ಮಗನ ಪಾಲಿಗೆ ಬರುತ್ತದೆ, ಅವನು ಅಲ್ಲಿ ಮನೆ ಕಟ್ಟಬೇಕು. ಹಾಸನದ ಗುಜರಿಯವನು ಅರವತ್ತು ಸಾವಿರ ಹೇಳಿದ್ದಾನೆ. ಬೆಂಗಳೂರಿನಿಂದ ಬಂದಿದ್ದ ಒಬ್ಬರು ಎರಡೂವರೆ ಲಕ್ಷಕ್ಕೆ ಕೇಳಿದ್ದಾರೆ. ದೊಡ್ಡ ಮಗ ಮಾರಿಬಿಡೋಣ ಎನ್ನುತ್ತಾನೆ. ಹ್ಯೂಸ್ಟನ್‌ನಲ್ಲಿರುವ ಚಿಕ್ಕವನು ಅಜ್ಜನ ಕಾರನ್ನು ಹೊಸದರಂತೆ ಮಾಡಿಸೋಣ, ದುಡ್ಡು ನಾನು ಕಳುಹಿಸುತ್ತೇನೆ ಎನ್ನುತ್ತಾನೆ. "ಇಬ್ಬರ ನಡುವೆ ಮಾತು ಬೆಳೀತಾ ಇದೆ. ನಿನಗೆ ಈ ಹಳೇ ಗಾಡಿಗಳ ಹುಚ್ಚು ಇದೆಯಲ್ಲ, ಒಂದ್ಸಲ ಬಂದು ನೋಡ್ಕೊಂಡು ಹೋಗಪ್ಪ" ಎಂದರು. ಆ ದನಿಯಲ್ಲಿ ಇದ್ದದ್ದು ಕಾರಿನ ಚಿಂತೆಯಲ್ಲ ಎಂಬುದು ನನಗೆ ತಿಳಿಯಿತು.

ಇಂಥ ಅಮೆರಿಕನ್ ಕಾರುಗಳು ನಮ್ಮ ಅರೆಮಲೆನಾಡಿನ ಹಳ್ಳಿಗಳಿಗೆ ಬಂದದ್ದು ಸೋಜಿಗವೇನಲ್ಲ. ಜನರಲ್ ಮೋಟಾರ್ಸ್ 1928ರಲ್ಲೇ ಮುಂಬೈನಲ್ಲಿ ಜೋಡಣಾ ಘಟಕ ತೆರೆದಿತ್ತು. ಸ್ವಾತಂತ್ರ್ಯಾನಂತರ, ಇಲ್ಲಿಯೇ ತಯಾರಿಸದ ಕಂಪನಿಗಳಿಗೆ ಜಾಗವಿಲ್ಲವೆಂದು ಸರ್ಕಾರ ನಿರ್ಧರಿಸಿದ ಮೇಲೆ, 1950ರ ದಶಕದ ಮಧ್ಯಭಾಗದ ಹೊತ್ತಿಗೆ ಅದೂ ಫೋರ್ಡ್ ಕೂಡ ಬಾಗಿಲು ಮುಚ್ಚಿದವು. ಆ ನಡುವಿನ ಕಾಲದಲ್ಲಿ ಕಾಫಿ ತೋಟದವರು, ಮಂಡಿ ವರ್ತಕರು, ವಕೀಲರು ಬ್ಯೂಕ್, ಷೆವರ್ಲೆ, ಡಾಡ್ಜ್‌ಗಳನ್ನು ಕೊಂಡರು. ಬ್ರಿಟಿಷ್ ಕಾರುಗಳಿಗಿಂತ ಇವುಗಳ ತಳ ನೆಲದಿಂದ ಎತ್ತರ, ಸ್ಪ್ರಿಂಗ್ ಗಟ್ಟಿ, ಎಂಜಿನ್ ಬಲಶಾಲಿ. ಬೇಲೂರಿನಿಂದ ಚಿಕ್ಕಮಗಳೂರಿಗೋ ಸಕಲೇಶಪುರಕ್ಕೋ ಮಳೆಗಾಲದಲ್ಲಿ ಹೋಗಿಬರಬೇಕಾದವನಿಗೆ ಅದೇ ಮುಖ್ಯ. ಅಜ್ಜ ಇದನ್ನು ಕೊಂಡದ್ದು ತೋಟದ ದೊರೆಯೊಬ್ಬನಿಂದ, ಎರಡನೆಯ ಕೈಯಲ್ಲಿ, 1956ರಲ್ಲಿ.

ಹಳೆಯ ಕಾರುಗಳ ಬಗ್ಗೆ ನಮ್ಮಲ್ಲಿ ಬರುವ ಬರಹಗಳೆಲ್ಲ ಸಾಮಾನ್ಯವಾಗಿ ಅರಮನೆಯಲ್ಲೇ ಶುರುವಾಗಿ ಅರಮನೆಯಲ್ಲೇ ಮುಗಿಯುತ್ತವೆ. ಮೈಸೂರಿನ ಮಹಾರಾಜರು ರೋಲ್ಸ್ ರಾಯ್ಸ್‌ಗಳನ್ನು ಏಳೇಳರ ಗುಂಪಿನಲ್ಲಿ ತರಿಸುತ್ತಿದ್ದರು, ಹಾಗಾಗಿ ಆ ಕಂಪನಿಯಲ್ಲಿ ಒಮ್ಮೆಗೇ ಹಲವು ಕಾರು ಕೊಳ್ಳುವುದಕ್ಕೆ 'ಮೈಸೂರು ಮಾಡುವುದು' ಎಂಬ ನುಡಿಗಟ್ಟೇ ಹುಟ್ಟಿಕೊಂಡಿತು ಎಂಬ ಐತಿಹ್ಯವನ್ನು ಓದುಗರು ಕೇಳಿರಬಹುದು. ಅಂಥ ಕಾರನ್ನು ಜೀರ್ಣೋದ್ಧಾರ ಮಾಡಬೇಕೇ ಬೇಡವೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ರಾಜವಂಶದ ಹೆಸರು, ತೆರೆದ ಮಾಡು, ಹೆಸರಾಂತ ಕವಚ ನಿರ್ಮಾಪಕರ ಮುದ್ರೆ ಇದ್ದರೆ ಹಾಕಿದ ಹಣಕ್ಕೆ ಮೋಸವಿಲ್ಲ. ಕಷ್ಟವಿರುವುದು ನಮ್ಮ ಮಾವನ ಕಾರಿನಂಥವುಗಳದ್ದು. ನಾಲ್ಕು ಬಾಗಿಲು, ಮುಚ್ಚಿದ ಮಾಡು, ಸಾವಿರಗಟ್ಟಲೆ ತಯಾರಾದ ಮಾದರಿ. ಅದರ ಕಾಲದಲ್ಲಿ ಐಷಾರಾಮಿ, ಇಂದಿನ ಮಾರುಕಟ್ಟೆಯಲ್ಲಿ ಮಧ್ಯಮವರ್ಗ. ಜಗತ್ತಿನ ಎಲ್ಲೆಡೆ ಇಂಥ ಕಾರುಗಳ ಲೆಕ್ಕ ಒಂದೇ: ರಿಪೇರಿಗೆ ತಗಲುವ ಹಣ ರಿಪೇರಿಯಾದ ಕಾರಿನ ಬೆಲೆಗಿಂತ ಹೆಚ್ಚು.

ಹಾಸನದಲ್ಲಿ ಗ್ಯಾರೇಜು ನಡೆಸಿ ನಿವೃತ್ತರಾದ, ಎಂಬತ್ತರ ಹೊಸ್ತಿಲಲ್ಲಿರುವ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋದೆ. ಅವರು ಕೈಯಲ್ಲಿ ಹಿಡಿದು ಬಂದದ್ದು ಒಂದು ಟಾರ್ಚು, ಒಂದು ಸ್ಕ್ರೂಡ್ರೈವರು, ಒಂದು ಸಣ್ಣ ಅಯಸ್ಕಾಂತ. ಬಣ್ಣ, ಸೀಟು, ಹೊಳಪು ಯಾವುದನ್ನೂ ಅವರು ನೋಡಲಿಲ್ಲ. ನೇರವಾಗಿ ಕಾರಿನ ಕೆಳಗೆ ಮಲಗಿ ಷಾಸಿಯ ಉದ್ದಕ್ಕೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋದರು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ದಬ್ ಎನ್ನುತ್ತದೆ. ಮಡಕೆ ಕೊಳ್ಳುವವರ ವಿದ್ಯೆಯೇ ಇದು. ಬಾಗಿಲುಗಳ ಕೆಳಗಿನ ಪಟ್ಟಿಯಲ್ಲಿ, ನೀರು ನಿಲ್ಲುವ ಕಡೆಗಳಲ್ಲಿ, ಎರಡು ಮೂರು ಕಡೆ ದಬ್ ಎಂದಿತು. ಷಾಸಿ ಮಾತ್ರ ಉದ್ದಕ್ಕೂ ಟಣ್ ಎಂದಿತು, ಒಂದು ಜಾಗವನ್ನು ಬಿಟ್ಟು. ಆ ಜಾಗದ ಕಥೆಗೆ ಆಮೇಲೆ ಬರುತ್ತೇನೆ.

ಅಯಸ್ಕಾಂತವನ್ನು ಮೈಮೇಲೆ ಆಡಿಸಿದರು. ತಗಡು ಇರುವಲ್ಲಿ ಕಚ್ಚಿಕೊಳ್ಳುತ್ತದೆ, ಪುಟ್ಟಿ ಮೆತ್ತಿದಲ್ಲಿ ಜಾರುತ್ತದೆ. ಬಲಗಡೆಯ ಮುಂದಿನ ಮಡ್‌ಗಾರ್ಡಿನಲ್ಲಿ ಒಂದು ಅಗಲವಾದ ತಟ್ಟೆಯಷ್ಟು ಜಾಗದಲ್ಲಿ ಜಾರಿತು. ಒಳಗೆ ತುಕ್ಕು ತಿಂದು ತೂತಾಗಿರಬೇಕು, ಯಾರೋ ಮುಚ್ಚಿದ್ದಾರೆ ಎಂದರು ಮೇಸ್ತ್ರಿ. ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ದೊಡ್ಡಮ್ಮ ಅಲ್ಲಿಂದಲೇ, "ತುಕ್ಕಲ್ಲ ಕಣಪ್ಪ, ಅದು ಹಳೇಬೀಡು ರಸ್ತೇಲಿ ಎತ್ತಿನ ಗಾಡಿಗೆ ತಗಲಿದ್ದು. ನಾನೂ ಒಳಗೇ ಕೂತಿದ್ದೆ. ಗಾಡಿಯವನಿಗೆ ಏನೂ ಆಗಲಿಲ್ಲ, ಒಂದು ಮೂಟೆ ರಾಗಿ ಚೆಲ್ಲಿತು, ಅಪ್ಪ ದುಡ್ಡು ಕೊಟ್ಟರು" ಎಂದರು. ಮೇಸ್ತ್ರಿ ಮಡ್‌ಗಾರ್ಡಿನ ಒಳಮೈಗೆ ಕೈ ಹಾಕಿ ಸವರಿ ನೋಡಿದರು. ತಗಡು ಗಟ್ಟಿಯಾಗಿತ್ತು, ಒಳಕ್ಕೆ ತಗ್ಗಿತ್ತು, ಅಷ್ಟೇ. ಒಂದು ವಾಹನದ ಪೂರ್ವಚರಿತ್ರೆಯನ್ನು ಕಾಗದಪತ್ರಗಳಲ್ಲಿ ಹುಡುಕುವ ಮೊದಲು ಜಗಲಿಯಲ್ಲಿ ಹುಡುಕುವುದು ಒಳ್ಳೆಯದು.

ರೋಲ್ಸ್ ರಾಯ್ಸ್ ಇದ್ದವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ, ಒಂದು ಅನನುಕೂಲವೂ ಇದೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ಆ ಕಂಪನಿ ಮಾರುತ್ತಿದ್ದುದು ಷಾಸಿ ಮತ್ತು ಎಂಜಿನ್ ಮಾತ್ರ. ಮೈಯನ್ನು ಬಾರ್ಕರ್, ಹೂಪರ್ ಮೊದಲಾದ ಬೇರೆ ಕಾರ್ಖಾನೆಗಳು ಕಟ್ಟಿಕೊಡುತ್ತಿದ್ದವು. ತಗಡಿನ ಒಳಗೆ ಮರದ ಚೌಕಟ್ಟು. ನಮ್ಮ ಹವೆಯಲ್ಲಿ ಆ ಮರಕ್ಕೆ ಗೆದ್ದಲು ಹಿಡಿದರೆ ಕೆಲಸ ಮೆಕ್ಯಾನಿಕ್‌ನದಲ್ಲ, ಬಡಗಿಯದು. ಆದರೆ ಪ್ರತಿಯೊಂದು ಷಾಸಿ ಯಾರಿಗೆ, ಯಾವಾಗ, ಯಾವ ಮೈಯೊಂದಿಗೆ ಹೋಯಿತೆಂಬ ಹಳೆಯ ದಾಖಲೆಗಳು ಇಂಗ್ಲೆಂಡಿನ ಅಭಿಮಾನಿಗಳ ಸಂಘದಲ್ಲಿ ಇಂದಿಗೂ ಜೋಪಾನವಾಗಿವೆ. ಬ್ಯೂಕ್‌ಗೆ ಮರದ ತಾಪತ್ರಯವಿಲ್ಲ, ದಾಖಲೆಯ ಸಿರಿವಂತಿಕೆಯೂ ಇಲ್ಲ.

ಇನ್ನು ಆ ಷಾಸಿಯ ಜಾಗ. ಬಾನೆಟ್ ಎತ್ತಿದಾಗ ಒಳಗಿದ್ದುದು ಬ್ಯೂಕ್ ಎಂಜಿನ್ ಆಗಿರಲಿಲ್ಲ. ಪರ್ಕಿನ್ಸ್ ಡೀಸೆಲ್ ಎಂಜಿನ್. ಇದೂ ಆಶ್ಚರ್ಯದ ಮಾತಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಬೆಲೆ ಏರಿದಾಗ ದೇಶದ ಎಷ್ಟೋ ಅಮೆರಿಕನ್ ಕಾರುಗಳ ಹೃದಯಗಳು ಹೀಗೆ ಬದಲಾದವು. ಸಾಲಾಗಿ ಎಂಟು ಸಿಲಿಂಡರುಗಳ, ಹತ್ತಿರಹತ್ತಿರ 4.1 ಲೀಟರಿನ ಆ ಎಂಜಿನ್ ಕುಡಿಯುವ ಪೆಟ್ರೋಲನ್ನು ಆಲೂಗಡ್ಡೆ ಬೆಳೆದು ಭರಿಸುವುದು ಸಾಧ್ಯವಿರಲಿಲ್ಲ. ಅಜ್ಜ ಅದನ್ನು ಇಳಿಸಿ ಡೀಸೆಲ್ ಕೂರಿಸಿದರು. ಕೂರಿಸುವಾಗ ಎಂಜಿನ್ನಿನ ಅಡಿಯ ಅಡ್ಡಪಟ್ಟಿಯನ್ನು ಗ್ಯಾಸಿನಲ್ಲಿ ಕತ್ತರಿಸಿ ಬೇರೆ ಪಟ್ಟಿ ಬೆಸೆದಿದ್ದರು. ಮೇಸ್ತ್ರಿಯ ಸ್ಕ್ರೂಡ್ರೈವರು ಬೇರೆ ದನಿ ಮಾಡಿದ್ದು ಅಲ್ಲಿ.

ಹಳೆಯ ಎಂಜಿನ್ ಎಲ್ಲಿ ಎಂದು ಕೇಳಿದೆ. ಮಾವ ಸ್ವಲ್ಪ ಸಂಕೋಚದಿಂದ ಕೊಟ್ಟಿಗೆಯ ಮೂಲೆಯನ್ನು ತೋರಿಸಿದರು. ರಾಗಿ ಮೂಟೆಗಳಿಗೆ ನೆಲದ ತೇವ ತಗಲದಿರಲೆಂದು ಅಡಿಗೆ ಹಾಕಿದ್ದ ಹಲಗೆಗಳ ಒಂದು ತುದಿಗೆ ಕಲ್ಲು, ಇನ್ನೊಂದು ತುದಿಗೆ ಬ್ಯೂಕ್ ಎಂಜಿನ್! ಅದರ ಮೇಲಿನ ಸಂಖ್ಯೆಯನ್ನು ಉಜ್ಜಿ ಓದಿದೆವು. ಟ್ರಂಕಿನಲ್ಲಿದ್ದ ಆರ್.ಸಿ. ಪುಸ್ತಕದ ಮೊದಲ ಪುಟದ ಸಂಖ್ಯೆಗೆ ಅದು ತಾಳೆಯಾಯಿತು. ಅದೇ ಪುಸ್ತಕದ ಒಳಪುಟದಲ್ಲಿ ಎಂಜಿನ್ ಬದಲಾವಣೆಯ ನಮೂದೂ ಇತ್ತು. ಅಜ್ಜ ಕಾನೂನಿಗೆ ಹೆದರುವ ಮನುಷ್ಯ.

ಇಲ್ಲಿಗೆ ಪ್ರಶ್ನೆ ಗ್ಯಾರೇಜನ್ನು ಬಿಟ್ಟು ಸಾರಿಗೆ ಕಚೇರಿಯ ಮೆಟ್ಟಿಲು ಹತ್ತುತ್ತದೆ. ವಿಂಟೇಜ್ ಎಂಬ ಪದವನ್ನು ನಾವು ಸಡಿಲವಾಗಿ ಬಳಸುತ್ತೇವೆ. ಇಂಗ್ಲೆಂಡಿನ ಹಳೆಯ ಕಾರಿನವರ ಶಾಸ್ತ್ರದಲ್ಲಿ ಅದು 1919ರಿಂದ 1930ರವರೆಗಿನ ವಾಹನಗಳಿಗೆ ಮಾತ್ರ ಸಲ್ಲುವ ಬಿರುದು. ನಮ್ಮ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ಕಾರು ಹಾಗೂ ದ್ವಿಚಕ್ರ ವಾಹನಗಳನ್ನೆಲ್ಲ ವಿಂಟೇಜ್ ಎಂದು ಕರೆದಿದೆ. 1970ರ ದಶಕದ ಆರಂಭದಲ್ಲಿ ತಹಸೀಲ್ದಾರರು ಓಡಾಡುತ್ತಿದ್ದ ಅಂಬಾಸಿಡರ್ ಕೂಡ ವಯಸ್ಸಿನ ಲೆಕ್ಕದಲ್ಲಿ ಈಗ ಈ ಗೌರವಕ್ಕೆ ಅರ್ಹ! ಹೊಸದಾಗಿ ನೋಂದಾಯಿಸಲು 20 ಸಾವಿರ ರೂಪಾಯಿ, ನವೀಕರಣಕ್ಕೆ 5 ಸಾವಿರ, ಒಮ್ಮೆ ಮಾಡಿಸಿದರೆ 10 ವರ್ಷ. ಹೊಸ ನೋಂದಣಿಗೆ 'ವಿಎ' ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆ ಸಿಗುತ್ತದೆ. ಈಗಾಗಲೇ ನೋಂದಣಿಯಾದ ವಾಹನ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಮಾವನ ಕಾರಿನದ್ದು ಮೈಸೂರು ರಾಜ್ಯದ ಕಾಲದ 'ಎಂವೈ' ಎಂದು ಆರಂಭವಾಗುವ ಫಲಕ. ಹಾಸನದ ಇಂದಿನ 'ಕೆಎ 13' ಹುಟ್ಟುವುದಕ್ಕೆ ದಶಕಗಳ ಹಿಂದಿನದು. ಹ್ಯೂಸ್ಟನ್ನಿನ ಹುಡುಗ ವಿಡಿಯೊ ಕರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಂಭ್ರಮಪಟ್ಟದ್ದು ಈ ಸಂಗತಿಗೆ.

ಆದರೆ ಅದೇ ನಿಯಮದಲ್ಲಿ ಇನ್ನೊಂದು ಷರತ್ತಿದೆ. ವಾಹನ ಮೂಲ ರೂಪದಲ್ಲಿಯೇ ಇರಬೇಕು. ಷಾಸಿ, ಮೈ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಅರ್ಜಿಯನ್ನು ರಾಜ್ಯದ ಸಮಿತಿಯೊಂದು ಪರಿಶೀಲಿಸಿ ಯೋಗ್ಯವೋ ಅಲ್ಲವೋ ಎಂದು ಹೇಳುತ್ತದೆ. ಪರ್ಕಿನ್ಸ್ ಎಂಜಿನ್ನಿನೊಂದಿಗೆ ಈ ಬ್ಯೂಕ್ ಅಲ್ಲಿಗೆ ಹೋದರೆ ಬರಿಗೈಯಲ್ಲಿ ವಾಪಸಾಗುವ ಸಂಭವವೇ ಹೆಚ್ಚು. ಮೂಲ ಎಂಜಿನ್ನನ್ನೇ ಮರಳಿ ಕೂರಿಸಿದರೆ ಸಮಿತಿ ಒಪ್ಪೀತೆಂಬುದು ನಿರೀಕ್ಷೆ, ಖಾತರಿಯಲ್ಲ. ಜತೆಗೆ, ಇಂಥ ನೋಂದಣಿ ಪಡೆದ ವಾಹನವನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ, ಇಷ್ಟಕ್ಕೆ ಮಾತ್ರ. ಬಾಡಿಗೆಗೆ ಬಿಡುವ ಮಾತಂತೂ ಇಲ್ಲವೇ ಇಲ್ಲ. ಬೆಂಗಳೂರಿನಿಂದ ಬಂದವರು ಮದುವೆಯ ಮೆರವಣಿಗೆಗಳಿಗೆ ಬಾಡಿಗೆಗೆ ಕೊಡುವ ಲೆಕ್ಕಾಚಾರದಲ್ಲಿ ಕಾರನ್ನು ಕೇಳಿದ್ದರು. ಅವರಿಗೆ ಈ ನಿಯಮ ಗೊತ್ತಿತ್ತೋ ಇಲ್ಲವೋ, ಮಾವನಿಗೆ ಗೊತ್ತಿರಲಿಲ್ಲ.

ಹಣದ ಮಾತು. ಮೂಲೆಯ ಎಂಜಿನ್ನಿಗೆ ಮರುಜೀವ ಕೊಡಬಹುದೇ ಎಂದು ಮೇಸ್ತ್ರಿಯನ್ನು ಕೇಳಿದೆ. ಸಿಲಿಂಡರುಗಳಿಗೆ ಪ್ಲಗ್ ತೂತುಗಳಿಂದ ಎಣ್ಣೆ ಹೊಯ್ದು ವಾರಗಟ್ಟಲೆ ನೆನೆಯಲು ಬಿಟ್ಟು, ಆಮೇಲೆ ಕೈಯಿಂದ ತಿರುಗಿಸಿ ನೋಡಬೇಕು. ಅವಸರಪಟ್ಟು ಜಗ್ಗಿದರೆ ಪಿಸ್ಟನ್ ರಿಂಗುಗಳು ಮುರಿಯುತ್ತವೆ ಎಂದರು. ತಿರುಗಿದರೂ ಕಥೆ ಅಲ್ಲಿಗೆ ಮುಗಿಯದು. ಆ ಕಾಲದ ಬ್ಯೂಕ್‌ನ ಕನೆಕ್ಟಿಂಗ್ ರಾಡ್ ಬೇರಿಂಗುಗಳು ಅಂಗಡಿಯಲ್ಲಿ ಕೊಂಡು ಹಾಕುವ ಚಿಪ್ಪುಗಳಲ್ಲ. ಬಿಳಿ ಲೋಹವನ್ನು ಕರಗಿಸಿ ರಾಡಿಗೇ ಎರಕ ಹೊಯ್ದು, ಲೇತಿನಲ್ಲಿ ಕೊರೆದು, ಕೈಯಿಂದ ಕೆರೆದು ಕೂರಿಸುವಂಥವು. ಎಂಟು ರಾಡು, ಎಂಟು ಸಲ. "ಈ ಕೆಲಸ ಗೊತ್ತಿದ್ದವರು ಹಾಸನದಲ್ಲಿ ಮೂರು ಜನ ಇದ್ದೆವು. ನನ್ನ ಕೈ ಈಗ ನಡುಗುತ್ತೆ, ಇನ್ನಿಬ್ಬರು ಇಲ್ಲ" ಎಂದರು. ಬೆಂಗಳೂರು, ಕೊಯಮತ್ತೂರಿನ ಕಡೆ ಹುಡುಕಬೇಕು. ಸತು ಬೆರೆತ ಎರಕದ ಅಲಂಕಾರದ ತುಂಡುಗಳು ಗುಳಿಬಿದ್ದಿವೆ. ಅವಕ್ಕೆ ಮತ್ತೆ ಕ್ರೋಮ್ ಹಿಡಿಸುವುದು ಕಬ್ಬಿಣದ ಬಂಪರಿನಷ್ಟು ಸುಲಭವಲ್ಲ. ಬಟ್ಟೆ ಸುತ್ತಿದ ಹಳೆಯ ವೈರಿಂಗ್ ಇಲಿಗಳ ಪಾಲಾಗಿದೆ. ಎಲ್ಲ ಸೇರಿ ಹದಿನೆಂಟು ಲಕ್ಷಕ್ಕೆ ಕಡಿಮೆಯಾಗದು, ಎರಡು ವರ್ಷಕ್ಕೆ ಮುಂಚೆ ಮುಗಿಯದು ಎಂಬುದು ಅವರ ಅಂದಾಜು. ಅವರು ಹೇಳದೆ ಬಿಟ್ಟ ಮಾತೊಂದನ್ನು ನಾನು ಸೇರಿಸುತ್ತೇನೆ: ಇಂಥ ಕೆಲಸಗಳು ಅರ್ಧಕ್ಕೆ ನಿಲ್ಲುವುದೇ ಹೆಚ್ಚು. ಬಿಚ್ಚಿಟ್ಟ ಕಾರು ಬಿಚ್ಚದ ಕಾರಿಗಿಂತ ಬೇಗ ಗುಜರಿ ಸೇರುತ್ತದೆ. ಬೋಲ್ಟುಗಳು ಒಂದು ಡಬ್ಬದಲ್ಲಿ, ಬಾಗಿಲುಗಳು ಇನ್ನೊಬ್ಬರ ಶೆಡ್ಡಿನಲ್ಲಿ, ಮುಂಗಡ ಪಡೆದ ಟಿಂಕರ್ ಊರು ಬಿಟ್ಟು ಹೋಗಿರುತ್ತಾನೆ. ನನ್ನ ಸ್ವಂತದ ಒಂದು ಸ್ಟ್ಯಾಂಡರ್ಡ್ ಕಾರಿಗೆ ಆದ ಗತಿ ಇದು. ಹಾಗಾಗಿ ಈ ವಿಷಯದಲ್ಲಿ ನನ್ನ ಅಭಿಪ್ರಾಯ ಪೂರ್ತಿ ನಿಷ್ಪಕ್ಷಪಾತವಾದುದಲ್ಲ ಎಂದು ಓದುಗರು ತಿಳಿಯಬಹುದು.

ಹಾಗಾದರೆ ಮಾರಿಬಿಡುವುದೇ ಸರಿಯೇ? ಇಲ್ಲಿ ಒಂದು ಕ್ಷಣ ಮಾದಿಹಳ್ಳಿಯಿಂದ ದೂರ ಹೋಗಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ 1950ರಿಂದ ಹಳೆಯ ಕಾರುಗಳ ಪ್ರದರ್ಶನ ನಡೆಯುತ್ತಿದೆ. ದಶಕಗಳ ಕಾಲ ಅಲ್ಲಿ ಪ್ರಥಮ ಬಹುಮಾನ ಸಿಗುತ್ತಿದ್ದುದು ಕಾರ್ಖಾನೆಯಿಂದ ಬಂದಾಗ ಇದ್ದುದಕ್ಕಿಂತಲೂ ಹೆಚ್ಚು ಮಿರುಗುವಂತೆ ಮಾಡಿದ ಕಾರುಗಳಿಗೆ. 2024ರಲ್ಲಿ ಮೊದಲ ಬಾರಿಗೆ, ಹೊಸ ಬಣ್ಣ ಬಳಿಯದ, ಸವೆದ ಸೀಟು ಬದಲಿಸದ, ಇದ್ದಂತೆಯೇ ಕಾಪಾಡಿಕೊಂಡ ಕಾರೊಂದಕ್ಕೆ ಆ ಬಹುಮಾನ ಬಂತು. ಬೆಲ್ಜಿಯಂ ದೊರೆ ಮೂರನೇ ಲಿಯೋಪೋಲ್ಡ್ ಬಳಿ ಇದ್ದ 1934ರ ಬುಗಾಟಿ ಅದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಇದನ್ನೇ ತತ್ವವಾಗಿ ಹೇಳಿತ್ತು. ಕಟ್ಟಡಗಳ ಸಂರಕ್ಷಣೆಗೆಂದು 1964ರಲ್ಲಿ ರೂಪಿಸಿದ ವೆನಿಸ್ ಸನ್ನದಿನ ಜಾಡಿನಲ್ಲಿ, ಮೊದಲು ಕಾಪಾಡು, ಅನಿವಾರ್ಯವಾದರೆ ಮಾತ್ರ ನವೀಕರಿಸು ಎಂಬ ಕ್ರಮ.

ಈ ತತ್ವ ಕಲಿಯಲು ನಮ್ಮವರು ಅಷ್ಟು ದೂರ ಹೋಗಬೇಕಾಗಿಲ್ಲ. ಹೊಯ್ಸಳೇಶ್ವರನ ಗೋಡೆಯ ಮೇಲೆ ಮುಕ್ಕಾದ ಮೂಗು, ಮುರಿದ ಕೈಗಳ ಎಷ್ಟು ಶಿಲ್ಪಗಳಿಲ್ಲ! ಯಾರೂ ಹೊಸ ಮೂಗು ಕೆತ್ತಿಸಿ ಅಂಟಿಸಿಲ್ಲ. ಅದು ಹಾಗಿರುವುದರಿಂದಲೇ 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರುವುದಕ್ಕೆ ಅಡ್ಡಿಯೇನೂ ಆಗಲಿಲ್ಲ. ಬೇಲೂರಿನದು ಇನ್ನೂ ಸ್ವಾರಸ್ಯದ ಸಂಗತಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದಾಗ ಚೆನ್ನಕೇಶವನ ನವರಂಗ ಸುತ್ತಲೂ ತೆರೆದ ಮಂಟಪವಾಗಿತ್ತು. ಇಂದು ನಾವು ಮೆಚ್ಚಿ ನೋಡುವ ಜಾಲಂಧ್ರಗಳು ಎರಡನೇ ಬಲ್ಲಾಳನ ಕಾಲದಲ್ಲಿ ಸೇರಿಸಿದವು. ಮೂಲರೂಪವೆಂಬ ಹಟ ಹಿಡಿದು ಅವನ್ನು ಕಿತ್ತುಹಾಕಿ ಎನ್ನುವವರು ಯಾರಾದರೂ ಇದ್ದಾರೆಯೇ? ಈ ತರ್ಕದಲ್ಲಿ ಅಜ್ಜ ಕೂರಿಸಿದ ಪರ್ಕಿನ್ಸ್ ಎಂಜಿನ್ನೂ ಕಾರಿನ ಚರಿತ್ರೆಯೇ. 1970ರ ದಶಕದ ಹಳ್ಳಿಯ ರೈತನೊಬ್ಬ ತೈಲ ಬಿಕ್ಕಟ್ಟಿಗೆ ಕೊಟ್ಟ ಉತ್ತರ ಅದು. ಈ ಮಾತನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ಮಾವ ತುತ್ತು ನಿಲ್ಲಿಸಿ ನಕ್ಕರು. ಡೀಸೆಲ್ ಎಂಜಿನ್ನಿಗೂ ಬಲ್ಲಾಳರಾಯನಿಗೂ ಸಂಬಂಧ ಕಲ್ಪಿಸಿದ್ದು ಸ್ವಲ್ಪ ಹೆಚ್ಚಾಯಿತೆಂದು ನನಗೂ ಅನ್ನಿಸಿತು. ನಿಯಮ ಬರೆದವರು ಇಂಥ ತರ್ಕಕ್ಕೆ ಜಾಗವಿಟ್ಟಿಲ್ಲ ಎಂಬುದಂತೂ ನಿಜ.

ವಸ್ತುಸಂಗ್ರಹಾಲಯಕ್ಕೆ ಕೊಡಬಹುದಲ್ಲ ಎಂದು ದೊಡ್ಡ ಮಗ ಕೇಳಿದ. ನ್ಯಾಯವಾದ ಪ್ರಶ್ನೆ. ಧರ್ಮಸ್ಥಳದ ಮಂಜೂಷಾ ಸಂಗ್ರಹದಲ್ಲಿ ಹಳೆಯ ಕಾರುಗಳನ್ನು ಕಂಡವರು ಬಹಳ ಮಂದಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಆ ಸಂಗ್ರಹದ ಮುಂದುವರಿಕೆಯಾಗಿ 2023ರಲ್ಲಿ ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ, ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, 'ಪಯಣ' ಎಂಬ ಕಾರುಗಳ ಸಂಗ್ರಹಾಲಯವೇ ತೆರೆಯಿತು. ಹತ್ತಾರು ಕಾರುಗಳು ಅಲ್ಲಿ ಸಾಲಾಗಿ, ಶುಚಿಯಾಗಿ ನಿಂತಿವೆ. ಮಾವನನ್ನು ಒಂದು ದಿನ ಕರೆದೊಯ್ದು ತೋರಿಸಿದೆ. ಎಲ್ಲವನ್ನೂ ಕೈಕಟ್ಟಿಕೊಂಡು ನೋಡಿ ಹೊರಬಂದ ಮೇಲೆ ಅವರು ಹೇಳಿದ್ದು ಇಷ್ಟೇ: "ಚೆನ್ನಾಗಿಟ್ಟಿದ್ದಾರೆ. ಆದರೆ ನಮ್ಮದು ಅಲ್ಲಿಗೆ ಹೋದರೆ ದೊಡ್ಡಕ್ಕ ನೋಡೋಕೆ ಅಷ್ಟು ದೂರ ಬರೋದಕ್ಕಾಗಲ್ಲ."

ದೊಡ್ಡಕ್ಕ ಎಂದರೆ ನಮ್ಮ ದೊಡ್ಡಮ್ಮ. ಅವರ ಮದುವೆಯ ದಿಬ್ಬಣ ಹೋದದ್ದು ಈ ಕಾರಿನಲ್ಲಿ. ಅವರ ಮೊದಲ ಹೆರಿಗೆಗೆ ನಡುರಾತ್ರಿ ಹಾಸನಕ್ಕೆ ಕರೆದೊಯ್ದದ್ದು ಈ ಕಾರಿನಲ್ಲಿ. ಊರಿನ ಬೇರೆ ಹೆಂಗಸರನ್ನೂ ಹೀಗೆಯೇ ಆಸ್ಪತ್ರೆಗೆ ಒಯ್ದ ಕಾರು ಅದು. ಜಾತಿಯ ಕಟ್ಟುಪಾಡು ಬಿಗಿಯಾಗಿದ್ದ ಆ ಕಾಲದಲ್ಲಿ ಯಾರನ್ನು ಕೂರಿಸಿಕೊಂಡರು, ಯಾರನ್ನು ಬಿಟ್ಟರು ಎಂದು ನಾನು ಕೇಳಿದೆ. ದೊಡ್ಡಮ್ಮ ಸುಮ್ಮನೆ ಸ್ವಲ್ಪ ಹೊತ್ತು ಕುಳಿತಿದ್ದು, "ಹೆರಿಗೆ ನೋವಿಗೆ ಅಪ್ಪ ಯಾರನ್ನೂ ಬಿಡಲಿಲ್ಲ. ಉಳಿದ ದಿನ ಬಿಟ್ಟರು" ಎಂದರು.

ಲೆಕ್ಕಾಚಾರ ಹೀಗೆ ನಿಂತಿತು. ಹದಿನೆಂಟು ಲಕ್ಷದ ಜೀರ್ಣೋದ್ಧಾರ ಈಗ ಬೇಡ. ಹ್ಯೂಸ್ಟನ್ನಿನ ಹುಡುಗನಿಗೆ ಇದು ರುಚಿಸಲಿಲ್ಲ. ಆದರೆ ಮೊದಲು ಒಂದು ಲಕ್ಷದೊಳಗಿನ ಕೆಲಸ ಮಾಡಿಸಿ ನೋಡು, ಆಮೇಲೂ ಮನಸ್ಸಿದ್ದರೆ ಮುಂದುವರಿ ಎಂದಾಗ ಒಪ್ಪಿದ. ಆ ಕೆಲಸವೇನೆಂದರೆ, ಕಾರನ್ನು ಕಲ್ಲುಕಂಬಗಳ ಮೇಲೆ ಎತ್ತಿ ನಿಲ್ಲಿಸುವುದು, ಟ್ಯಾಂಕಿನ ಹಳೆಯ ಇಂಧನ ಬರಿದು ಮಾಡುವುದು, ಒಳಗಿನ ಹುಲ್ಲು, ಇಲಿಗೂಡು, ಹಿಕ್ಕೆ ತೆಗೆಯುವುದು, ತುಕ್ಕು ಹಿಡಿದ ಕೆಳಪಟ್ಟಿಗಳನ್ನು ಕೆರೆದು ತುಕ್ಕು ತಡೆಯುವ ಬಣ್ಣ ಬಳಿಯುವುದು. ಮಡ್‌ಗಾರ್ಡಿನ ನೆಗ್ಗನ್ನು ಮುಟ್ಟದಿರುವುದು. ಪ್ರತಿ ತುಂಡಿನ ಫೋಟೊ ತೆಗೆದು, ಆರ್.ಸಿ. ಪುಸ್ತಕದ ಪುಟಗಳ ನಕಲು ಮಾಡಿಸಿ, ವಾರಸುದಾರರ ಹೆಸರಿಗೆ ವರ್ಗಾವಣೆಯ ಅರ್ಜಿ ಹಾಕುವುದು. ಇದನ್ನು ಪಾಲುಪಟ್ಟಿ ಬರೆಯುವಾಗಲೇ ಮಾಡಬೇಕು. ಪಟ್ಟಿಯಲ್ಲಿ ಕಾರಿನ ಹೆಸರಿಲ್ಲದೆ ಹೋಗಿ, ಮುಂದೆ ಮೂರು ಮನೆಯವರ ಸಹಿಗೆ ಅಲೆದಾಡಿದವರನ್ನು ನಾನು ಬಲ್ಲೆ. ಕಾರು ದೊಡ್ಡ ಮಗನ ಪಾಲಿನ ಹಳೆಯ ಅಂಗಡಿಮಳಿಗೆಗೆ ಹೋಗುತ್ತದೆ, ಖರ್ಚು ಚಿಕ್ಕವನದು, ಮಾರುವುದಾದರೆ ಇಬ್ಬರೂ ಒಪ್ಪಬೇಕು ಎಂದು ಬರೆಸಿದ್ದಾಯಿತು.

ರಾಗಿ ಮೂಟೆಯಡಿಯ ಎಂಜಿನ್ನಿಗೆ ಎಣ್ಣೆ ಹೊಯ್ದದ್ದು ಮಾಘ ಮಾಸದಲ್ಲಿ. ಮೇಸ್ತ್ರಿ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಬಂದು ಕೈಯಿಂದ ತಿರುಗಿಸಲು ನೋಡಿ ಹೋಗುತ್ತಿದ್ದರು. ಮೂರನೆಯ ಸಲ ಅದು ಒಂದು ಹಲ್ಲಿನಷ್ಟು ಕದಲಿತು. ಮಾವ ಆ ರಾತ್ರಿಯೇ ಫೋನು ಮಾಡಿದರು. ಮೂಟೆಗಳ ಅಡಿಗೆ ಈಗ ಎರಡೂ ತುದಿಯಲ್ಲಿ ಕಲ್ಲು ಇಡಿಸಿದ್ದಾರಂತೆ.